ಹಕ್ಕಿಯ ಕಾಳಿಗೆ ಅಳಿಲು ಬಾಯಿ ಹಾಕದಂತೆ: ಕಂಬ, ತಗಡು ಮತ್ತು ಅಂತರದ ಲೆಕ್ಕ

ಆನ್‌ಲೈನ್‌ನಲ್ಲಿ ಸಿಗುವ 'ಅಳಿಲು ನಿರೋಧಕ' ಬರ್ಡ್ ಫೀಡರ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಬೂದು ಅಳಿಲನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಆ ಅಳಿಲು 400ರಿಂದ 600 ಗ್ರಾಂ ತೂಗುತ್ತದೆ. ಬೆನ್ನ ಮೇಲೆ ಮೂರು ಗೆರೆ ಹೊತ್ತ ನಮ್ಮ ಹಿತ್ತಿಲಿನ ಅಳಿಲು ಹೆಚ್ಚೆಂದರೆ 100 ಗ್ರಾಂ ಆಸುಪಾಸು. ಇಡೀ ಸಮಸ್ಯೆಯ ಬೇರು ಇರುವುದು ಈ ವ್ಯತ್ಯಾಸದಲ್ಲೇ.

ತೂಕ ಬಿದ್ದೊಡನೆ ಬಾಯಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಫೀಡರನ್ನೇ ನೋಡಿ. ಗಿಳಿಯ ತೂಕ ಸುಮಾರು 120 ಗ್ರಾಂ. ಅಳಿಲಿಗೆ ಮುಚ್ಚುವಂತೆ ಸ್ಪ್ರಿಂಗ್ ಸಡಿಲಿಸಿದರೆ ಗಿಳಿಗೂ ಮುಚ್ಚುತ್ತದೆ, ಗಿಳಿಗೆ ತೆರೆದಿಟ್ಟರೆ ಅಳಿಲೂ ಆರಾಮಾಗಿ ತಿನ್ನುತ್ತದೆ. ಗುಬ್ಬಚ್ಚಿಗೆ ಮಾತ್ರ ಸಾಕು ಎನ್ನುತ್ತೀರಾ? ಒಂದು ಗುಬ್ಬಚ್ಚಿ 25ರಿಂದ 30 ಗ್ರಾಂ. ನಾಲ್ಕು ಒಟ್ಟಿಗೆ ಕೂತರೆ ಒಂದು ಅಳಿಲಿನ ತೂಕವಾಯಿತು, ಬಾಗಿಲು ಬಿತ್ತು. ಸುತ್ತ ಜಾಲರಿ ಇರುವ ಫೀಡರ್‌ನ ಪಾಡೂ ಇದೇ. ಬೂದು ಅಳಿಲನ್ನು ಹೊರಗಿಡಲು ಅದರ ಕಂಡಿಯನ್ನು ಒಂದೂವರೆ ಇಂಚು ಇಟ್ಟಿರುತ್ತಾರೆ. ಅಷ್ಟು ಜಾಗ ನಮ್ಮ ಅಳಿಲಿಗೆ ಹೆಬ್ಬಾಗಿಲು. ಗುಬ್ಬಚ್ಚಿ ನುಸುಳುವ ಕಂಡಿಯಲ್ಲಿ ಅದೂ ಮೈ ಸಣ್ಣದು ಮಾಡಿಕೊಂಡು ನುಸುಳುತ್ತದೆ.

ಹಾಗಾಗಿ ತೂಕದಿಂದಲೋ ಕಂಡಿಯಿಂದಲೋ ಹಕ್ಕಿಯನ್ನೂ ಅಳಿಲನ್ನೂ ಬೇರ್ಪಡಿಸುವ ಆಸೆ ಬಿಡಬೇಕು. ಇವೆರಡರ ನಡುವೆ ನಾವು ನಂಬಬಹುದಾದ ವ್ಯತ್ಯಾಸ ಒಂದೇ. ಹಕ್ಕಿ ಗಾಳಿಯಲ್ಲಿ ಬರುತ್ತದೆ, ಅಳಿಲು ಏನನ್ನಾದರೂ ಹಿಡಿದುಕೊಂಡೇ ಬರಬೇಕು. ಫೀಡರ್‌ಗೆ ಬೀಗ ಹಾಕುವ ಬದಲು ಅಳಿಲಿನ ದಾರಿಗೆ ಬೀಗ ಹಾಕಿ.

ಮೊದಲು ಕಳ್ಳ ಯಾರೆಂದು ಖಚಿತಪಡಿಸಿಕೊಳ್ಳಿ

ಅಳಿಲು ಹಗಲಿನ ಜೀವಿ. ಸಂಜೆ ತುಂಬಿಸಿಟ್ಟ ಕಾಳು ಬೆಳಕು ಹರಿಯುವ ಮೊದಲೇ ಖಾಲಿಯಾಗಿದ್ದರೆ ಅದು ಇಲಿಯ ಕೆಲಸ. ಹಣ್ಣು ಇಟ್ಟಿದ್ದರೆ ಬಾವಲಿ ಬಂದಿರಲೂಬಹುದು. ಇದನ್ನು ತಿಳಿಯಲು ಕ್ಯಾಮೆರಾ ಬೇಕಿಲ್ಲ. ಎರಡು ದಿನ ರಾತ್ರಿ ಫೀಡರ್ ಖಾಲಿ ಬಿಟ್ಟು, ಬೆಳಿಗ್ಗೆ ಆರೂವರೆಗೆ ಕಾಳು ಹಾಕಿ ನೋಡಿ.

ಕೆಳಗೆ ಬಿದ್ದ ಹೊಟ್ಟು ಕೂಡ ಸಾಕ್ಷಿ ಹೇಳುತ್ತದೆ. ರಾಟವಾಳ, ಗುಬ್ಬಚ್ಚಿಗಳು ನವಣೆಯನ್ನು ಕೊಕ್ಕಿನಲ್ಲೇ ಹೊರಳಿಸಿ ಸಿಪ್ಪೆ ಸುಲಿಯುತ್ತವೆ. ತೆಳುವಾದ, ಬಹುತೇಕ ಇಡಿಯಾದ ಸಿಪ್ಪೆ ಉದುರಿರುತ್ತದೆ. ಅಳಿಲು ಕಾಳನ್ನು ಮುಂಗಾಲಲ್ಲಿ ಹಿಡಿದು ಕಡಿಯುವುದರಿಂದ ಸಿಪ್ಪೆ ಚೂರುಚೂರಾಗಿ ಬಿದ್ದಿರುತ್ತದೆ. ಪ್ಲಾಸ್ಟಿಕ್ ಅಂಚಿನಲ್ಲಿ ಜೋಡಿ ಗೀರುಗಳಿದ್ದರೆ ಅವು ಅಳಿಲಿನವೋ ಇಲಿಯವೋ ಹಲ್ಲಿನ ಗುರುತು. ಕಾಳು ತಿಂದಿಲ್ಲ, ಬರೀ ಚೆಲ್ಲಾಡಿದೆ ಎಂದರೆ ಪಾರಿವಾಳವನ್ನೂ ಅನುಮಾನಿಸಿ.

ಬಳಿಕ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಕೂತು, ಅದು ಬರುವ ದಾರಿಯನ್ನು ಗಮನಿಸಿ. ಅಳಿಲು ಹೆಚ್ಚಾಗಿ ಒಂದೇ ಹಾದಿಯನ್ನು ನೆಚ್ಚಿಕೊಳ್ಳುತ್ತದೆ. ಸೀಬೆ ಮರ, ಕಾಂಪೌಂಡು, ಬಟ್ಟೆ ಒಣಹಾಕುವ ಹಗ್ಗ, ಫೀಡರ್ ಎಂಬಂತೆ. ಈ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಫ್ಯುನಾಂಬುಲಸ್. ಲ್ಯಾಟಿನ್ ಭಾಷೆಯಲ್ಲಿ ಹಗ್ಗದ ಮೇಲೆ ನಡೆಯುವವನು ಎಂದರ್ಥ. ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ.

ಜಾಗದ ಅಳತೆ

ಬೂದು ಅಳಿಲಿಗಾಗಿ ಅಮೆರಿಕದಲ್ಲಿ 5-7-9 ಎಂಬ ಲೆಕ್ಕ ಬಳಕೆಯಲ್ಲಿದೆ: ನೆಲದಿಂದ 5 ಅಡಿ ಮೇಲೆ, ಮರ-ಗೋಡೆಗಳಿಂದ 7 ಅಡಿ ದೂರ, ಮೇಲಿನ ಕೊಂಬೆಯಿಂದ 9 ಅಡಿ ಕೆಳಗೆ. ನಮ್ಮ ಅಳಿಲು ಅದಕ್ಕಿಂತ ಬಹಳ ಚಿಕ್ಕದು, ಅದರ ನೆಗೆತವೂ ಚಿಕ್ಕದು. ಆದ್ದರಿಂದ ಇದೇ ಅಳತೆಯನ್ನು ಹಿಡಿದರೆ ನಮಗೆ ಧಾರಾಳವಾಗುತ್ತದೆ. ಸಾಧ್ಯವಿದ್ದರೆ ಪಕ್ಕದ ಅಂತರವನ್ನು 8 ಅಡಿಗೆ ಏರಿಸಿ. ಗಾಳಿಗೆ ಕೊಂಬೆ ಓಲಾಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ಬೆಂಗಳೂರಿನಂಥ ಊರಲ್ಲಿ ಅನೇಕರು ಮರೆಯುವುದು ತಲೆಯ ಮೇಲಿನ ತಂತಿಗಳನ್ನು. ಮರ ಕಡಿದು, ಗೋಡೆಯಿಂದ ದೂರ ಸರಿಸಿ, ಕೊನೆಗೆ ಕೇಬಲ್ ಟಿವಿ ಅಥವಾ ಇಂಟರ್ನೆಟ್ ವಯರಿನ ನೇರ ಕೆಳಗೆ ಕಂಬ ನೆಟ್ಟಿರುತ್ತಾರೆ. ಅಳಿಲು ವಯರಿನ ಮೇಲೆ ಓಡಿ ಬಂದು ಫೀಡರ್ ಮೇಲೆ ಧೊಪ್ಪೆಂದು ಬೀಳುತ್ತದೆ. ಮೇಲಿನಿಂದ ಬೀಳುವುದಕ್ಕೆ ಅದು ಹೆದರುವುದೇ ಇಲ್ಲ. ಕಂಬದ ಜಾಗ ಗುರುತು ಮಾಡುವಾಗ ಅಳತೆ ಪಟ್ಟಿಯನ್ನು ನೆಲದ ಮೇಲೆ ಎಳೆದಷ್ಟೇ ಆಕಾಶದ ಕಡೆಗೂ ನೋಡಿ.

ಬಳ್ಳಿ ಹಬ್ಬಿಸಿದ ಚಪ್ಪರ, ನಿಲ್ಲಿಸಿದ ಸ್ಕೂಟರು, ಒರಗಿಸಿಟ್ಟ ಏಣಿ, ಎತ್ತರದ ಕುಂಡ, ಎಲ್ಲವೂ ಜಿಗಿಯುವ ಮೆಟ್ಟಿಲುಗಳೇ.

ಕಂಬ ಮತ್ತು ತಗಡಿನ ಕೊಳವೆ

ತೆಂಗಿನ ತೋಟದವರು ಇಲಿ ಹತ್ತದಂತೆ ಮರದ ಸುತ್ತ ತಗಡು ಹೊಡೆಯುವುದನ್ನು ನೋಡಿರುತ್ತೀರಿ. ಇಲ್ಲಿನ ತತ್ವವೂ ಅದೇ, ಕಂಬ ಮಾತ್ರ ತೆಳ್ಳಗಿದೆ. ತೆಳ್ಳಗಿನ ಕಂಬವನ್ನು ಅಳಿಲು ಅಪ್ಪಿಕೊಂಡು ಹತ್ತಬಲ್ಲದು. ಆದ್ದರಿಂದ ಬರೀ ಜಾರುವ ಕಂಬ ಸಾಲದು, ಅದರ ಮೇಲೆ ಅಪ್ಪಿಕೊಳ್ಳಲಾಗದಷ್ಟು ದಪ್ಪನೆಯ, ಮೇಲ್ಗಡೆ ಮುಚ್ಚಿದ ಕೊಳವೆಯೊಂದು ಇರಬೇಕು. ಅಳಿಲು ಕಂಬ ಹಿಡಿದು ಬಂದು ಕೊಳವೆಯ ಒಳಗೇ ಏರುತ್ತದೆ, ತಲೆ ಮುಚ್ಚಳಕ್ಕೆ ತಾಗುತ್ತದೆ, ಇಳಿಯುತ್ತದೆ. ಹೊರಮೈ ಹತ್ತಲು ಹೋದರೆ ಉಗುರು ನಾಟುವುದಿಲ್ಲ.

ಬೇಕಾಗುವ ಸಾಮಾನು:

- 1 ಇಂಚಿನ ಜಿಐ ಪೈಪು, ಏಳೂವರೆ ಅಡಿ. ಒಂದು ತುದಿಗೆ ಥ್ರೆಡ್ ಹಾಕಿಸಿದ್ದು
- ಅದಕ್ಕೆ ಕೂರುವ ಫ್ಲೇಂಜ್ (ಪೈಪಿನ ತುದಿಗೆ ಹಲಗೆ ಕೂರಿಸಲು ಸ್ಕ್ರೂ ತೂತುಗಳಿರುವ ಬಿಲ್ಲೆ) ಒಂದು, ಸ್ಕ್ರೂ ನಾಲ್ಕು
- 12 × 12 ಇಂಚಿನ, ಮುಕ್ಕಾಲು ಇಂಚು ದಪ್ಪದ ಮರದ ಹಲಗೆ
- 26 ಗೇಜಿನ ಜಿಐ ತಗಡು, 24 × 23 ಇಂಚು. ಮುಚ್ಚಳಕ್ಕೆ 8 ಇಂಚಿನ ಚೌಕದ ಇನ್ನೊಂದು ತುಂಡು
- ಎಂಟನೇ ಒಂದು ಇಂಚಿನ ಪಾಪ್ ರಿವೆಟ್ ಹದಿನೈದು
- ಒಂದೂವರೆ ಇಂಚಿನ ಹೋಸ್ ಕ್ಲಾಂಪ್ ಎರಡು, ಹಳೆಯ ಸೈಕಲ್ ಟ್ಯೂಬಿನ ಚೂರು
- ಕಾಲು ಮೂಟೆ ಸಿಮೆಂಟು, ಅದರ ಎರಡರಷ್ಟು ಮರಳು, ನಾಲ್ಕರಷ್ಟು ಜಲ್ಲಿ

ತಗಡು ಮಡಿಸುವ ಕೆಲಸವನ್ನು ಕೈಯಲ್ಲಿ ಮಾಡಲು ಹೋಗಿ ಬೆರಳು ಕುಯ್ದುಕೊಳ್ಳಬೇಡಿ. ಟ್ರಂಕು, ಒಲೆಯ ಚಿಮಣಿ ಮಾಡುವ ತಗಡಿನ ಅಂಗಡಿಯವರಿಗೆ ಅಳತೆ ಕೊಟ್ಟರೆ ಅರ್ಧ ಗಂಟೆಯ ಕೆಲಸ.

1. 23 ಇಂಚಿನ ಬದಿಯನ್ನು ಸುತ್ತಿ, 1 ಇಂಚು ಒಂದರ ಮೇಲೊಂದು ಬರುವಂತೆ ರಿವೆಟ್ ಹೊಡೆಸಿ. 7 ಇಂಚು ವ್ಯಾಸದ, 2 ಅಡಿ ಉದ್ದದ ಕೊಳವೆ ಸಿಗುತ್ತದೆ. ರಿವೆಟ್‌ಗಳ ನಡುವೆ 4 ಇಂಚಿಗಿಂತ ಹೆಚ್ಚು ಬಿಡಬಾರದು. ಕೆಳಗಿನ ಅಂಚನ್ನು ಒಳಕ್ಕೆ ಮಡಿಸಿರಬೇಕು. ಚೂಪಾಗಿ ಬಿಟ್ಟರೆ ಅಳಿಲಿಗೂ ಗಾಯ, ನಿಮಗೂ.

2. ಚೌಕದ ತುಂಡಿನಿಂದ 7 ಇಂಚಿನ ಬಿಲ್ಲೆ ಮಾಡಿ. ಸುತ್ತ ಅರ್ಧ ಇಂಚಿನ ಕಿವಿಗಳನ್ನು ಬಿಟ್ಟು, ಅವನ್ನು ಕೆಳಕ್ಕೆ ಬಗ್ಗಿಸಿ ಕೊಳವೆಯ ಮೇಲ್ತುದಿಗೆ ರಿವೆಟ್ ಮಾಡಿಸಿ. ನಡುವೆ ಪೈಪು ತೂರುವ ರಂಧ್ರ ಬೇಕು. ಇಲ್ಲಿ ಎಚ್ಚರ: 1 ಇಂಚಿನ ಪೈಪು ಎಂದರೆ ಒಳಗಿನ ಅಳತೆಯ ಲೆಕ್ಕ. ಅದರ ಹೊರಮೈ ಸುಮಾರು 33.7 ಮಿಲಿಮೀಟರ್ ಇರುತ್ತದೆ. ಇಂಚಿನ ರಂಧ್ರ ಕೊರೆಸಿದರೆ ಪೈಪು ತೂರುವುದೇ ಇಲ್ಲ. 36 ಮಿಲಿಮೀಟರ್ ಕೊರೆಸಿ.

3. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು ಪೈಪನ್ನು ನಿಲ್ಲಿಸಿ ಕಾಂಕ್ರೀಟ್ ತುಂಬಿ. ತೂಗುಗುಂಡು ಹಿಡಿದು ನೆಟ್ಟಗಿದೆಯೇ ನೋಡಿ. ವಾಲಿದ ಕಂಬದಲ್ಲಿ ಕೊಳವೆ ಒಂದು ಬದಿಗೆ ಒರಗಿ, ಅಳಿಲಿಗೆ ಅಂಚು ಕೈಗೆಟುಕುತ್ತದೆ. ಒಂದು ವಾರ ಬುಡಕ್ಕೆ ನೀರು ಹಾಕಿ.

4. ನೆಲದಿಂದ ಸರಿಯಾಗಿ 5 ಅಡಿ ಎತ್ತರದಲ್ಲಿ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ, ಅದರ ಮೇಲೆ ಎರಡು ಕ್ಲಾಂಪ್‌ಗಳನ್ನು ಒಂದರ ಕೆಳಗೊಂದು ಬಿಗಿ ಮಾಡಿ. ರಬ್ಬರ್ ಇಲ್ಲದಿದ್ದರೆ ನುಣುಪು ಪೈಪಿನ ಮೇಲೆ ಕ್ಲಾಂಪು ದಿನದಿನಕ್ಕೆ ಜಾರುತ್ತದೆ.

5. ಕೊಳವೆಯನ್ನು ಮೇಲಿನಿಂದ ಇಳಿಸಿ. ಅದರ ಮುಚ್ಚಳ ಕ್ಲಾಂಪಿನ ಮೇಲೆ ಸುಮ್ಮನೆ ಕೂತಿರಬೇಕು, ಬಿಗಿಯಬಾರದು. ಮುಟ್ಟಿದರೆ ಅಲ್ಲಾಡುವಂತಿದ್ದರೆ ಇನ್ನೂ ಒಳ್ಳೆಯದು. ಅಲ್ಲಾಡುವುದರ ಮೇಲೆ ಕಾಲಿಡಲು ಅಳಿಲು ಹಿಂಜರಿಯುತ್ತದೆ.

6. ಕೊನೆಗೆ ಫ್ಲೇಂಜ್, ಹಲಗೆ, ಫೀಡರ್. ಈ ಅನುಕ್ರಮ ತಪ್ಪಿ ಹಲಗೆಯನ್ನು ಮೊದಲು ಕೂರಿಸಿದರೆ ಕೊಳವೆ ಹಾಕಲು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಈಗ ನೆಲದಿಂದ 3 ಅಡಿಗೆ ಕೊಳವೆ ಶುರುವಾಗಿ 5 ಅಡಿಗೆ ಮುಗಿಯುತ್ತದೆ, ಹಲಗೆ 6 ಅಡಿಯಲ್ಲಿದೆ. ಕೈ ಎತ್ತಿ ಕಾಳು ಹಾಕಲು ಅಡ್ಡಿಯಿಲ್ಲ.

ಆದರೂ ಹತ್ತುತ್ತಿದೆ ಎಂದರೆ

ಹತ್ತರಲ್ಲಿ ಎಂಟು ಸಲ ಅದು ಹತ್ತುತ್ತಿರುವುದಿಲ್ಲ, ಹಾರಿ ಬರುತ್ತಿರುತ್ತದೆ. ಮತ್ತೆ ಅಂತರ ಅಳೆಯಿರಿ. ಅಂತರ ಸರಿಯಿದ್ದು ಕೊಳವೆಯನ್ನೇ ಹತ್ತುತ್ತಿದ್ದರೆ ತಗಡಿನ ಹೊರಮೈ ಮೇಲೆ ಕೈಯಾಡಿಸಿ. ಒಂದರ ಮೇಲೊಂದು ಕೂಡಿಸಿದ ಅಂಚು ಎದ್ದಿದ್ದರೆ ಅದೇ ಏಣಿ. ಅಲ್ಯೂಮಿನಿಯಂ ಟೇಪು ಅಂಟಿಸಿ ಮುಚ್ಚಿ. ತುಕ್ಕು ಹಿಡಿದ ತಗಡು ಮರಳು ಕಾಗದದಂತಾಗುತ್ತದೆ. ಒಣಗಿದ ಹಿಕ್ಕೆ ಉಗುರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಚಂದ ಕಾಣಲೆಂದು ಬಳಿದ ಒರಟು ಬಣ್ಣ, ಸುತ್ತಿದ ತೆಂಗಿನ ನಾರಿನ ಹಗ್ಗ (ಹೌದು, ಅಲಂಕಾರಕ್ಕೆ ಇದನ್ನೂ ಸುತ್ತುತ್ತಾರೆ) ಎಲ್ಲವೂ ಮಾಡಿದ ಕೆಲಸವನ್ನು ಹಾಳು ಮಾಡುತ್ತವೆ.

ತಗಡಿನ ಬದಲು 6 ಇಂಚಿನ ಪಿವಿಸಿ ಪೈಪು ಹಾಕಬಹುದೇ? ಹಾಕಬಹುದು, ಹೊಸದರಲ್ಲಿ ಚೆನ್ನಾಗಿಯೇ ಜಾರುತ್ತದೆ. ಬಿಸಿಲಿಗೆ ಮೈ ಒರಟಾದಂತೆ, ಗೀರುಗಳು ಬಿದ್ದಂತೆ ಹಿಡಿತ ಸಿಗುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಬದಲಾಯಿಸಲು ಸಿದ್ಧರಿದ್ದರೆ ಸರಿ.

ಗ್ರೀಸ್, ವ್ಯಾಸಲಿನ್, ಹಳೆಯ ಎಂಜಿನ್ ಆಯಿಲ್ ಬಳಿಯುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಬೇಡ. ಎಣ್ಣೆ ಹತ್ತಿದ ಗರಿ ನೀರು ತಡೆಯುವುದಿಲ್ಲ, ಮೈ ಬೆಚ್ಚಗಿಡುವುದೂ ಇಲ್ಲ. ಯಾವ ಹಕ್ಕಿಗಾಗಿ ಇಷ್ಟೆಲ್ಲ ಮಾಡುತ್ತೀರೋ ಅದಕ್ಕೇ ಮೊದಲ ಪೆಟ್ಟು. ಅಂಟಿನ ಹಲಗೆ, ವಿಷದ ಮಾತಂತೂ ಎತ್ತಲೇಬಾರದು. ಹಿಡಿದು ದೂರ ಬಿಟ್ಟು ಬರುವುದೂ ಉಪಯೋಗವಿಲ್ಲದ ಕೆಲಸ: ತೆರವಾದ ಜಾಗಕ್ಕೆ ಪಕ್ಕದ ಮರದಿಂದ ಇನ್ನೊಂದು ಬರುತ್ತದೆ, ಬಿಟ್ಟು ಬಂದದ್ದು ಗೊತ್ತಿಲ್ಲದ ಜಾಗದಲ್ಲಿ ಒದ್ದಾಡುತ್ತದೆ. ಗೂಡಲ್ಲಿ ಮರಿಗಳಿದ್ದರಂತೂ ಕೇಳುವುದೇ ಬೇಡ.

ಬಾಲ್ಕನಿ ಮತ್ತು ತಾರಸಿ

ತಾರಸಿಯಲ್ಲಿ ಗುಂಡಿ ತೋಡಲಾಗದು. 20 ಲೀಟರಿನ ಖಾಲಿ ಪೇಂಟ್ ಬಕೆಟ್ಟಿನಲ್ಲಿ ಪೈಪು ನಿಲ್ಲಿಸಿ ಮುಕ್ಕಾಲು ಭಾಗ ಕಾಂಕ್ರೀಟ್ ತುಂಬಿದರೆ 35 ಕೆ.ಜಿ. ಆಸುಪಾಸು ತೂಕದ ಕಾಲು ಸಿದ್ಧ. ಪ್ಯಾರಪೆಟ್ ಗೋಡೆಯಿಂದಲೂ ನೀರಿನ ಟ್ಯಾಂಕಿನಿಂದಲೂ 8 ಅಡಿ ದೂರವಿಡಿ. ಬಕೆಟ್ಟಿನ ಅಂಚಿನಿಂದ ಅಳಿಲು ಜಿಗಿಯಬಹುದು, ಹಾಗಾಗಿ ಕೊಳವೆಯ ಎತ್ತರವನ್ನು ಬಕೆಟ್ಟಿನ ಮೇಲ್ತುದಿಯಿಂದ ಎಣಿಸಿ.

ಬಾಲ್ಕನಿಯ ವಿಷಯದಲ್ಲಿ ಸುಳ್ಳು ಭರವಸೆ ಕೊಡುವುದು ಬೇಡ. ನಾಲ್ಕಡಿ ಅಗಲದ ಜಾಗದಲ್ಲಿ ಸರಳು, ಗೋಡೆ, ಸೂರು ಎಲ್ಲವೂ ಜಿಗಿಯುವ ದೂರದಲ್ಲಿವೆ. ಒರಟು ಗಾರೆಯ ಗೋಡೆಯನ್ನು ಅಳಿಲು ನೇರವಾಗಿ ಏರುತ್ತದೆ. ಇಲ್ಲಿ ಮಾಡಬಹುದಾದ್ದು ಇಷ್ಟು: ಸೂರಿನ ಕೊಕ್ಕೆಗೆ ನೈಲಾನ್ ಹಗ್ಗದ ಬದಲು ತೆಳು ಉಕ್ಕಿನ ತಂತಿ ಕಟ್ಟಿ. ಫೀಡರ್‌ಗಿಂತ ಒಂದು ಅಡಿ ಮೇಲೆ, ತಂತಿಯ ನಡುವೆ, 18 ಇಂಚಿನ ಹಳೆಯ ಸ್ಟೀಲ್ ಹರಿವಾಣವನ್ನು ಬೋರಲಾಗಿ ತೂಗುಹಾಕಿ. ಹರಿವಾಣದ ನಡುವೆ ತೂತು ಕೊರೆದು ತಂತಿ ತೂರಿಸಿ, ಅದರ ಕೆಳಗೆ ತಂತಿಗೊಂದು ಗಂಟು ಹಾಕಿ. ತಟ್ಟೆ ಗಂಟಿನ ಮೇಲೆ ಸಡಿಲವಾಗಿ ಕೂತು ವಾಲಾಡಬೇಕು. ತಂತಿಯಿಂದ ಇಳಿದ ಅಳಿಲು ತಟ್ಟೆಯ ಮೇಲೆ ಕಾಲಿಟ್ಟಾಗ ತಟ್ಟೆ ಓರೆಯಾಗಿ ಜಾರಿಸಿಬಿಡುತ್ತದೆ. ಮೇಲಿನ ದಾರಿ ಇದರಿಂದ ಮುಚ್ಚುತ್ತದೆ. ಸರಳಿನಿಂದ ಜಿಗಿಯುವುದನ್ನು ಇದು ತಡೆಯದು.

ಎರಡು ಗೋಡೆಗಳ ನಡುವೆ ತಂತಿ ಎಳೆದು ನಡುವೆ ತೂಗುಹಾಕುವುದಾದರೆ, ಫೀಡರ್‌ನ ಎರಡೂ ಬದಿಗೆ ಒಂದೊಂದು ಅಡಿ ಉದ್ದದ ಮೂರು ಮೂರು ಪಿವಿಸಿ ಪೈಪಿನ ತುಂಡುಗಳನ್ನು ತಂತಿಗೆ ಪೋಣಿಸಿ. ಒಂದೂವರೆ ಇಂಚಿನ ಪೈಪು ಒಳ್ಳೆಯದು. ಅಳಿಲು ಕಾಲಿಟ್ಟೊಡನೆ ಪೈಪು ಉರುಳಿ ಅದನ್ನು ಕೆಡವುತ್ತದೆ. ತಂತಿ ಸಡಿಲಾಗಿ ಜೋತುಬಿದ್ದರೆ ತುಂಡುಗಳೆಲ್ಲ ನಡುವಿಗೆ ಸರಿದು ಗುಂಪುಗೂಡುತ್ತವೆ, ಆಗ ಉರುಳುವುದಿಲ್ಲ. ತಿರುಗಿಸಿ ತಂತಿ ಬಿಗಿಮಾಡುವ ತಿರುಪು ಬಕಲ್ (ಟರ್ನ್‌ಬಕಲ್) ಹಾಕಿ ಬಿಗಿಯಾಗಿರಿಸಿ.

ಯಾವ ಕಾಳು

ಕಡಲೆಕಾಯಿ ಮತ್ತು ಸೂರ್ಯಕಾಂತಿ ಬೀಜ ಹಾಕಿ ಅಳಿಲು ಬರಬಾರದು ಎನ್ನುವುದು ಹೋಳಿಗೆ ಮಾಡಿ ನೆಂಟರು ಬರಬಾರದು ಎಂದಂತೆ. ನವಣೆ, ಸಾಮೆ, ಬರಗುಗಳನ್ನು ಸಿಪ್ಪೆಯೊಂದಿಗೇ ಹಾಕಿ. ರಾಟವಾಳ, ಗುಬ್ಬಚ್ಚಿಗಳಿಗೆ ಅದೇ ಬೇಕಾದದ್ದು. ಅಳಿಲು ಇವನ್ನೂ ತಿನ್ನುತ್ತದೆ, ಆದರೆ ಕಾಳು ಸಣ್ಣದು, ಶ್ರಮ ಹೆಚ್ಚು, ಜೀವ ಒತ್ತೆಯಿಟ್ಟು ಜಿಗಿಯುವಷ್ಟು ಆಸೆ ಹುಟ್ಟುವುದಿಲ್ಲ. ಗಿಳಿಗಾಗಿ ಇಡುವವರು ಸೂರ್ಯಕಾಂತಿಯ ಜಾಗದಲ್ಲಿ ಕುಸುಬೆ ಹಾಕಿ ನೋಡಬಹುದು. ಅದರ ಸಿಪ್ಪೆ ಗಟ್ಟಿ, ರುಚಿ ತುಸು ಕಹಿ. ಅಮೆರಿಕದಲ್ಲಿ ಇದೇ ಕಾರಣಕ್ಕೆ ಕುಸುಬೆಯನ್ನು ಬಹಳ ಜನ ಬಳಸುತ್ತಾರೆ. ಉತ್ತರ ಕರ್ನಾಟಕದ ಸಂತೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಎಲ್ಲ ಅಳಿಲೂ ಬಿಟ್ಟುಬಿಡುತ್ತದೆಂದು ಮಾತ್ರ ಹೇಳಲಾಗದು.

ಬಾಗಿಲಿಗೆ ಭತ್ತದ ತೆನೆಯ ತೋರಣ ಕಟ್ಟುವ ನಮ್ಮ ಹಳೆಯ ಪದ್ಧತಿಯಲ್ಲಿ ಒಂದು ಜಾಣ್ಮೆ ಇದೆ. ತೆನೆ ತೂಗಾಡುತ್ತದೆ, ಗುಬ್ಬಚ್ಚಿ ಅದಕ್ಕೆ ನೇತುಬಿದ್ದು ತಿನ್ನುತ್ತದೆ, ಅಳಿಲಿಗೆ ಕೂರಲು ಹಲಗೆಯೇ ಇಲ್ಲ. ಬಾಗಿಲ ಚೌಕಟ್ಟಿಗೆ ಅಂಟಿಸಿ ಕಟ್ಟದೆ, ಅರ್ಧ ಅಡಿ ಮುಂದೆ ತೆಳು ತಂತಿಯಿಂದ ಇಳಿಬಿಟ್ಟರೆ ಈ ಲಾಭ ಪೂರ್ತಿ ಸಿಗುತ್ತದೆ.

ಪ್ರಮಾಣ: ಬೆಳಿಗ್ಗೆ ಹಾಕಿದ್ದು ಹತ್ತು-ಹನ್ನೊಂದು ಗಂಟೆಗೆ ಮುಗಿಯುವಷ್ಟು. ಒಂದು ಹಿಡಿಯಿಂದ ಶುರು ಮಾಡಿ. ಕೆಳಗೆ ಉದುರಿದ ಕಾಳನ್ನು ಸಂಜೆಯೊಳಗೆ ಗುಡಿಸಬೇಕು. ಅಳಿಲಿಗೆ ಮೊದಲ ರುಚಿ ಹತ್ತುವುದು ನೆಲದ ಮೇಲೆಯೇ. ರಾತ್ರಿ ಅದೇ ಕಾಳಿಗೆ ಇಲಿ, ಇಲಿಯ ಹಿಂದೆ ಹಾವು.

ಖಾರದ ಪುಡಿ

ಇದು ಕಟ್ಟುಕಥೆಯಲ್ಲ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಸಸ್ತನಿಗಳ ನಾಲಿಗೆಗೆ ಉರಿ ಕೊಡುತ್ತದೆ, ಹಕ್ಕಿಗಳಿಗೆ ಕೊಡುವುದಿಲ್ಲ. ಉರಿಯನ್ನು ಗ್ರಹಿಸುವ ಅವುಗಳ ಗ್ರಾಹಕವು ಈ ರಾಸಾಯನಿಕಕ್ಕೆ ಸ್ಪಂದಿಸದು. ಗಿಳಿ ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯಂತೆ ತಿನ್ನುವುದು ಇದೇ ಕಾರಣಕ್ಕೆ. ಆದರೆ ಅಡುಗೆಮನೆಯ ಬ್ಯಾಡಗಿ ಪುಡಿ ಇಲ್ಲಿ ಕೆಲಸಕ್ಕೆ ಬಾರದು; ಬಣ್ಣ ಬರುತ್ತದೆ, ಖಾರ ಇಲ್ಲ. ಗುಂಟೂರಿನದ್ದೇ ಬೇಕು. ಒಂದು ಕೆ.ಜಿ. ಕಾಳಿಗೆ ಒಂದು ಚಮಚ ಅಡುಗೆ ಎಣ್ಣೆ ಸವರಿ, ಎರಡು ದೊಡ್ಡ ಚಮಚ ಪುಡಿ ಬೆರೆಸಬೇಕು. ಎಣ್ಣೆ ಹೆಚ್ಚಾದರೆ ಕಾಳು ಕಮಟು ಹಿಡಿಯುತ್ತದೆ, ಎಣ್ಣೆಯೇ ಇಲ್ಲದಿದ್ದರೆ ಪುಡಿ ಗಾಳಿಗೆ ಹಾರಿ ನಿಮ್ಮ ಕಣ್ಣಿಗೇ ಬೀಳುತ್ತದೆ. ಒಂದು ಮಳೆ ಬಂದರೆ ಎಲ್ಲ ತೊಳೆದು ಹೋಯಿತು. ಹಕ್ಕಿಗೆ ರುಚಿ ತಿಳಿಯದಿದ್ದರೂ ಪುಡಿ ಕಣ್ಣಿಗೆ ಬೀಳುವುದು ಒಳ್ಳೆಯದಲ್ಲ. ಕಂಬ ನೆಡಲು ಜಾಗವಿಲ್ಲದವರ ಕೊನೆಯ ಉಪಾಯ ಎಂದಷ್ಟೇ ಇದನ್ನು ಎಣಿಸಿ.

ಅಳಿಲಿಗೂ ಒಂದು ಪಾಲು

20-25 ಅಡಿ ದೂರದಲ್ಲಿ, ಅದು ಬರುವ ಮರದ ಬುಡದಲ್ಲೇ ನಾಲ್ಕೈದು ಕಡಲೆಕಾಯಿ ಇಡುವವರಿದ್ದಾರೆ. ಕಂಬದ ದಾರಿ ಮುಚ್ಚಿದ್ದರೆ ಇದು ಕೆಲಸ ಮಾಡುತ್ತದೆ. ಮುಚ್ಚದಿದ್ದರೆ ಅಲ್ಲಿಯೂ ತಿಂದು ಇಲ್ಲಿಯೂ ತಿನ್ನುತ್ತದೆ. ಉಪ್ಪು ಹಾಕಿದ್ದು ಬೇಡ, ಬೂಷ್ಟು ಹಿಡಿದದ್ದಂತೂ ಬೇಡವೇ ಬೇಡ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಬೇಸಿಗೆಯಲ್ಲಿ ಕಾಳಿಗಿಂತ ನೀರು ಮುಖ್ಯ. ಹನಿ ನೀರಾವರಿ ಪೈಪನ್ನು ಅಳಿಲು ಕಡಿಯುವ ತೋಟಗಳಲ್ಲಿ ರೈತರು ಅಲ್ಲಲ್ಲಿ ನೀರಿನ ತಟ್ಟೆ ಇಡುವುದುಂಟು. ಮನೆಯಲ್ಲೂ ನೆಲದ ಮೇಲೊಂದು ಮಣ್ಣಿನ ತಟ್ಟೆ ಇರಲಿ.

ಮಲೆನಾಡಿನವರಿಗೆ, ಹೊರದೇಶದವರಿಗೆ

ಕಾಡಂಚಿನ ಮನೆಗಳಿಗೆ ಕೆಂದಳಿಲು ಬಂದರೆ ಮೇಲಿನ ಅಳತೆಗಳು ಸಾಲವು. ಅದು 20 ಅಡಿ ದೂರ ನೆಗೆಯಬಲ್ಲದು. ಒಂದೇ ಸಮಾಧಾನ, ಅದು ನೆಲಕ್ಕಿಳಿಯುವುದು ಅಪರೂಪ. ಬಯಲಿನ ನಡುವೆ ಕಂಬ ನೆಟ್ಟರೆ ಅದರ ಕಾಟ ಇಲ್ಲ.

ನ್ಯೂಜೆರ್ಸಿಯಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರ ಹಿತ್ತಿಲಿಗೆ ಬರುವುದು ಬೂದು ಅಳಿಲು. ಅಲ್ಲಿ ಈ ಬರಹದ ಮೊದಲ ಮಾತು ತಿರುಗುಮುರುಗಾಗುತ್ತದೆ: ತೂಕದ ಸ್ಪ್ರಿಂಗ್ ಫೀಡರ್ ಅಲ್ಲಿ ಚೆನ್ನಾಗಿ ನಡೆಯುತ್ತದೆ, ಜಾಲರಿಯದ್ದೂ ಸರಿಯೇ. ಕೊಳವೆಯ ವ್ಯಾಸವನ್ನು 8 ಇಂಚಿಗೆ ಏರಿಸಿ. ಪಕ್ಕದ ಅಂತರ 10 ಅಡಿ ಇದ್ದರೆ ನಿಶ್ಚಿಂತೆ. ಅಮೆರಿಕದಲ್ಲಿ ಕರಡಿ ಓಡಾಡುವ ಊರಾದರೆ ಚಳಿಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಫೀಡರನ್ನೇ ಇಳಿಸಿಡಬೇಕು. ಕರಡಿಗೆ ತಗಡು ಲೆಕ್ಕಕ್ಕಿಲ್ಲ.

ನಂತರದ ನಿಗಾ

ಎರಡು ವಾರಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಫೀಡರ್ ಬಿಚ್ಚಿ ತೊಳೆಯಿರಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಗಲಬರಿಸಿ, ಪೂರ್ತಿ ಒಣಗಿದ ಮೇಲಷ್ಟೇ ಕಾಳು ತುಂಬಿ. ಅದೇ ಹೊತ್ತಿಗೆ ಕೊಳವೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಕ್ಲಾಂಪು ಜಾರಿದೆಯೇ ನೋಡಿ. ಕಂಬದ ಬುಡದ ಕಳೆ ಕೀಳಿ. ಎರಡಡಿ ಬೆಳೆದ ಗಿಡವೂ ಮೆಟ್ಟಿಲಾದೀತು. ಮುಂಗಾರು ಮುಗಿದ ಮೇಲೆ ಮತ್ತೊಮ್ಮೆ ಅಳತೆ ಪಟ್ಟಿ ಹಿಡಿದು ಎಲ್ಲ ಅಂತರ ಅಳೆಯಿರಿ. ಹಿತ್ತಿಲಲ್ಲಿ ನುಗ್ಗೆ ಇದ್ದರೆ ಅಷ್ಟು ಕಾಯಬೇಡಿ, ತಿಂಗಳಿಗೊಮ್ಮೆ ನೋಡಿ. ಜೂನಿನಲ್ಲಿ 8 ಅಡಿ ದೂರವಿದ್ದ ಅದರ ಕೊಂಬೆ ಆಗಸ್ಟಿಗೆ ಫೀಡರ್‌ನ ಮಗ್ಗುಲಲ್ಲೇ ತೂಗಾಡುತ್ತಿರುತ್ತದೆ.